ಹಳೆಯ ಷೇರು ದರ: ಒಂದು ದಾಖಲೆಯ ಹುಟ್ಟು ಮತ್ತು ಅದನ್ನು ಓದುವ ಬಗೆ

ಕಂಪನಿಯೊಂದರ ಷೇರು ಹತ್ತು, ಐವತ್ತು ಅಥವಾ ನೂರು ವರ್ಷಗಳ ಹಿಂದೆ ಯಾವ ದರಕ್ಕೆ ಮಾರಾಟವಾಯಿತು ಎಂಬುದು ಮೇಲುನೋಟಕ್ಕೆ ತಕರಾರಿಲ್ಲದ ಸಂಗತಿಯಂತೆ ಕಾಣುತ್ತದೆ. ಆದರೆ ಶಿಲಾಶಾಸನವನ್ನು ಓದುವ ವಿದ್ವಾಂಸನು ಅದನ್ನು ಬರೆಯಿಸಿದವರು ಯಾರು, ಯಾವ ಕಾರಣಕ್ಕೆ ಬರೆಯಿಸಿದರು, ಯಾವ ಸಾಲು ಆಮೇಲೆ ಸೇರಿತು ಎಂದು ಕೇಳಿಕೊಳ್ಳುವಂತೆ, ಹಳೆಯ ದರವನ್ನು ಬಳಸುವವನೂ ಅದನ್ನು ದಾಖಲಿಸಿದ ಕೈ ಯಾವುದು, ದಾಖಲಾದ ಮೇಲೆ ಅದಕ್ಕೆ ಏನೇನು ತಿದ್ದುಪಡಿಯಾಗಿದೆ ಎಂದು ವಿಚಾರಿಸದೆ ಮುಂದುವರಿದರೆ ತಪ್ಪು ತೀರ್ಮಾನಕ್ಕೆ ಬರುವುದು ಬಹುತೇಕ ಖಚಿತ. ದರಗಳನ್ನು ಬರೆದಿಡುವ ಪದ್ಧತಿಗೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಅವುಗಳನ್ನು ಸರಿಯಾಗಿ ಓದುವ ವಿದ್ಯೆಯಾದರೋ ಬಹಳ ಈಚಿನದು.

1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಷೇರುಗಳು ಆಮ್‌ಸ್ಟರ್‌ಡ್ಯಾಮಿನಲ್ಲಿ ಬಿರುಸಿನಿಂದ ಕೈಬದಲಾಗುತ್ತಿದ್ದರೂ ಅವುಗಳ ಆರಂಭಕಾಲದ ದರಗಳನ್ನು ಇತಿಹಾಸಕಾರರು ವರ್ತಕರ ಪತ್ರಗಳಿಂದಲೂ ಕರಾರುಪತ್ರಗಳಿಂದಲೂ ಬಿಡಿಬಿಡಿಯಾಗಿ ಹೆಕ್ಕಿ ಜೋಡಿಸಬೇಕಾಗಿದೆ. ಕ್ರಮಬದ್ಧವಾದ ಮುದ್ರಿತ ದರಪಟ್ಟಿಯ ಹಿರಿಮೆ ಲಂಡನ್ನಿಗೆ ಸಲ್ಲುತ್ತದೆ. ಅಲ್ಲಿನ ಜೊನಾಥನ್ ಕಾಫಿಗೃಹದಲ್ಲಿ ದಲ್ಲಾಳಿಯಾಗಿದ್ದ ಜಾನ್ ಕ್ಯಾಸ್ಟೇಂಗ್ 1698ರ ವೇಳೆಗೆ ವಾರಕ್ಕೆರಡು ಬಾರಿ ಒಂದು ಹಾಳೆಯನ್ನು ಹೊರತರುತ್ತಿದ್ದು, ವಿದೇಶಿ ಹುಂಡಿಯ ದರಗಳ ಜೊತೆಗೆ ಬ್ಯಾಂಕ್ ಆಫ್ ಇಂಗ್ಲೆಂಡ್, ಈಸ್ಟ್ ಇಂಡಿಯಾ ಕಂಪನಿ ಮೊದಲಾದವುಗಳ ಷೇರು ದರಗಳನ್ನೂ ಅದರಲ್ಲಿ ಅಚ್ಚು ಹಾಕಿಸುತ್ತಿದ್ದನು. ಅಂದಿನ ಗಿರಾಕಿಗೆ ಅಂದಿನ ದರ ತಿಳಿಯಲಿ ಎಂಬುದಷ್ಟೇ ಅವನ ಉದ್ದೇಶವಾಗಿತ್ತು; ತನ್ನ ಹಾಳೆಗಳನ್ನು ಮುಂದೊಂದು ಕಾಲದಲ್ಲಿ ಆರ್ಥಿಕ ಇತಿಹಾಸಕಾರರು ಆಕರವಾಗಿ ಬಳಸಬಹುದು ಎಂಬ ಕಲ್ಪನೆ ಅವನಿಗೆ ಇದ್ದಿರಲಾರದು. ಹಳೆಯ ದರಪಟ್ಟಿಗಳೆಲ್ಲವೂ ಇಂಥ ಅಲ್ಪಾಯುಷಿ ಕಾಗದಗಳೇ ಆಗಿದ್ದವು ಎಂಬುದನ್ನು ಓದುಗನು ನೆನಪಿಡಬೇಕು, ಏಕೆಂದರೆ ಅಂದಿನವರಿಗೆಲ್ಲ ತಿಳಿದಿದ್ದ ಸಂಗತಿಗಳನ್ನು ಅಂಥ ಕಾಗದ ಎಂದೂ ವಿವರಿಸುವುದಿಲ್ಲ.

ವಿವರಿಸದೆ ಬಿಟ್ಟ ಸಂಗತಿ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ 1860ರ ದಶಕದ ಮುಂಬಯಿ ಒಳ್ಳೆಯ ನಿದರ್ಶನ. ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತು, ಭಾರತದ ಹತ್ತಿಗೆ ಕಂಡರಿಯದ ಬೆಲೆ ಬಂದಾಗ, ಆ ಹಣವೆಲ್ಲ ಮುಂಬಯಿಯ ಹೊಸ ಬ್ಯಾಂಕುಗಳ, ಹಣಕಾಸು ಸಂಸ್ಥೆಗಳ ಮತ್ತು ಸಮುದ್ರ ತುಂಬಿ ನೆಲ ಪಡೆಯುವ ಕಂಪನಿಗಳ ಷೇರುಗಳತ್ತ ನುಗ್ಗಿತು. ಪ್ರೇಮ್‌ಚಂದ್ ರಾಯ್‌ಚಂದ್ ಆ ಪೇಟೆಯ ಅನಭಿಷಿಕ್ತ ದೊರೆಯಾಗಿದ್ದನು. ಆಗ ವಹಿವಾಟಾಗುತ್ತಿದ್ದ ಷೇರುಗಳಲ್ಲಿ ಅನೇಕವು ಭಾಗಶಃ ಪಾವತಿಯಾದವು. ಅಂದರೆ ಸಾವಿರ ರೂಪಾಯಿ ಮುಖಬೆಲೆಯ ಷೇರಿಗೆ ಕೊಂಡವನು ಮೊದಲು ಇನ್ನೂರು ರೂಪಾಯಿ ಕಟ್ಟಿದ್ದರೆ, ಉಳಿದ ಎಂಟುನೂರನ್ನು ಕಂಪನಿ ಕೇಳಿದಾಗ ಕಟ್ಟುವ ಹೊಣೆ ಅವನ ಮೇಲಿರುತ್ತಿತ್ತು. ದರವನ್ನು ಅನೇಕವೇಳೆ ಕಟ್ಟಿದ ಹಣದ ಮೇಲಿನ ಪ್ರೀಮಿಯಂ ಎಂದೇ ಹೇಳುತ್ತಿದ್ದರು. ಹೀಗಿರುವಾಗ ಅಂದಿನ ದರವನ್ನು ಮಾತ್ರ ನೋಡಿ ಕಟ್ಟಿದ ಹಣವೆಷ್ಟು, ಕಟ್ಟಬೇಕಾದದ್ದೆಷ್ಟು ಎಂಬುದನ್ನು ಗಮನಿಸದವನಿಗೆ, ಪೇಟೆ ಕುಸಿದಾಗ ಜನರು ಕೊಟ್ಟ ಬೆಲೆಯನ್ನು ಕಳೆದುಕೊಂಡದ್ದಷ್ಟೇ ಅಲ್ಲದೆ ಅದಕ್ಕೂ ಮೀರಿ ಸಾಲಗಾರರಾದದ್ದು ಏಕೆ ಎಂಬುದು ಅರ್ಥವೇ ಆಗದು.

ಯುದ್ಧ ಮುಗಿದ ಸುದ್ದಿ ಬಂದು, 1865ರ ಜುಲೈ 1ರಂದು ಮುಂಗಡ ಕರಾರುಗಳ ಲೆಕ್ಕ ತೀರಿಸಬೇಕಾಗಿ ಬಂದಾಗ ಇಡೀ ಕಟ್ಟಡ ಕುಸಿಯಿತು. 2,850 ರೂಪಾಯಿವರೆಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿದದ್ದನ್ನು ಮುಂಬಯಿ ಷೇರುಪೇಟೆಯ ಚರಿತ್ರೆಗಳು ಮತ್ತೆಮತ್ತೆ ಹೇಳುತ್ತವೆ. ಇಲ್ಲಿಯೇ ಇನ್ನೊಂದು ತೊಡಕೂ ಅಡಗಿದೆ. ಆ ಬ್ಯಾಂಕು 1868ರಲ್ಲಿ ಮುಚ್ಚಿಹೋಗಿ, ಅದೇ ವರ್ಷ ಅದೇ ಹೆಸರಿನ ಹೊಸ ಬ್ಯಾಂಕು ಹುಟ್ಟಿತು. ಈ ಎರಡನೆಯದೇ 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ವಿಲೀನವಾಗಿ, ಆ ಮೂಲಕ 1955ರ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಪೂರ್ವಜನಾಯಿತು. ಹೆಸರನ್ನು ನಂಬಿ ಎರಡೂ ಬ್ಯಾಂಕುಗಳ ದರಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ, ಸತ್ತ ಸಂಸ್ಥೆಯೊಂದು ಚೇತರಿಸಿಕೊಂಡಂತೆ ನಕ್ಷೆಯಲ್ಲಿ ಕಾಣುತ್ತದೆ. ಆ ಕಾಲದ ಸಂಕಟವನ್ನು ದಿನ್‌ಶಾ ವಾಚಾ 1910ರಲ್ಲಿ ಪುಸ್ತಕವಾಗಿ ಬರೆದಿಟ್ಟದ್ದು ಉಪಕಾರವೇ ಸರಿ. ಮುಂಬಯಿಯ ದಲ್ಲಾಳಿಗಳು ಸಂಘ ಕಟ್ಟಿಕೊಂಡು ಇಂದಿನ ಬಿಎಸ್‌ಇಗೆ ಅಡಿಪಾಯ ಹಾಕಿದ್ದು ಈ ದುರಂತದ ಹತ್ತು ವರ್ಷಗಳ ನಂತರ, 1875ರಲ್ಲಿ.

ಕನ್ನಡನಾಡಿನ ಮಣ್ಣಿನಿಂದ ಹೊರಟು ದೂರದ ಲಂಡನ್ನಿನ ದರಪಟ್ಟಿ ಸೇರಿದ ಕಂಪನಿಗಳೂ ಇದ್ದವು. ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ 1880ರಲ್ಲಿ ಲಂಡನ್ನಿನಲ್ಲಿ ಹುಟ್ಟಿಕೊಂಡಿತು; ಜಾನ್ ಟೇಲರ್ ಆ್ಯಂಡ್ ಸನ್ಸ್ ಸಂಸ್ಥೆ ಅದರ ಆಡಳಿತ ನೋಡಿಕೊಂಡಿತು. ಮೊದಲ ಕೆಲವು ವರ್ಷ ಬಂಡವಾಳವೆಲ್ಲ ಕರಗಿ, ಕಂಪನಿಯನ್ನು ಮುಚ್ಚಿಬಿಡಬೇಕೆಂಬ ಮಾತು ಷೇರುದಾರರಲ್ಲಿ ಎದ್ದಿದ್ದಾಗ, ಚಾಂಪಿಯನ್ ಎಂದು ಹೆಸರಾದ ಚಿನ್ನದ ಪದರ ಸಿಕ್ಕಿ ಷೇರಿನ ದರ ಮೇಲಕ್ಕೆ ನೆಗೆಯಿತು. ಆದರೆ ಗಣಿಯೆಂಬುದು ತೋಡಿದಷ್ಟೂ ಬರಿದಾಗುವ ಆಸ್ತಿ. ಅದಿರು ಮುಗಿದಂತೆ ಷೇರಿನ ದರ ಇಳಿಯುವುದು ಸಹಜವಾದ್ದರಿಂದ, ಮೊದಲ ದರ ಮತ್ತು ಕೊನೆಯ ದರಗಳನ್ನು ಮಾತ್ರ ಹೋಲಿಸಿದರೆ ಕೋಲಾರದ ಷೇರುದಾರನು ನಷ್ಟ ಹೊಂದಿದನೆಂದು ತೋರಬಹುದು. ಅವನ ನಿಜವಾದ ಗಳಿಕೆ ಇದ್ದದ್ದು ಲಾಭಾಂಶದಲ್ಲಿ, ಅಂದರೆ ಕಂಪನಿ ತನ್ನ ಲಾಭದಿಂದ ಷೇರುದಾರರಿಗೆ ನಗದಾಗಿ ಹಂಚುವ ಭಾಗದಲ್ಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸುವವರೆಗಿನ ಆ ಕಂಪನಿಗಳ ಚರಿತ್ರೆಯನ್ನು ದರದ ಏರಿಳಿತದಿಂದ ಬರೆಯಹೊರಟವನು ನಾಡಿನ ಚಿನ್ನ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೇಳಲಾರನು. ಲಾಭಾಂಶದ ಲೆಕ್ಕವನ್ನು ತೆರೆದು ಕುಳಿತವನಿಗೆ ಮಾತ್ರ ಅದು ಸಾಧ್ಯ.

ಹಳೆಯ ದರಗಳನ್ನು ಒಟ್ಟುಗೂಡಿಸಿ ಅರ್ಥ ಹುಡುಕುವ ಪ್ರಯತ್ನ ಗಟ್ಟಿಯಾಗಿ ಆರಂಭವಾದದ್ದು ಅಮೆರಿಕದಲ್ಲಿ. ಚಾರ್ಲ್ಸ್ ಡೌ 1896ರ ಮೇ ತಿಂಗಳಲ್ಲಿ ಹನ್ನೆರಡು ಕೈಗಾರಿಕಾ ಕಂಪನಿಗಳ ಷೇರು ದರಗಳನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಿ ತನ್ನ ಸರಾಸರಿಯನ್ನು ಪ್ರಕಟಿಸಿದನು. ಕಂಪನಿಯೊಂದು ತನ್ನ ಒಂದು ಷೇರನ್ನು ಎರಡಾಗಿ ವಿಭಜಿಸಿದರೆ ಷೇರಿನ ದರ ಅರ್ಧಕ್ಕಿಳಿಯುತ್ತದೆ, ಯಾರ ಸಂಪತ್ತೂ ಕಡಿಮೆಯಾಗದಿದ್ದರೂ ಸರಾಸರಿ ಮಾತ್ರ ಕುಸಿಯುತ್ತದೆ. ಈ ದೋಷವನ್ನು ನಿವಾರಿಸಲು 1928ರಿಂದ ಕಂಪನಿಗಳ ಸಂಖ್ಯೆಯ ಬದಲಿಗೆ ಆಗಾಗ ಬದಲಾಯಿಸುವ ಭಾಜಕವೊಂದನ್ನು ಬಳಸತೊಡಗಿದರು. 1938ರಲ್ಲಿ ಆಲ್‌ಫ್ರೆಡ್ ಕೌಲ್ಸ್ 1871ರಿಂದೀಚಿನ ಅಮೆರಿಕನ್ ಷೇರು ದರಗಳನ್ನು ಲಾಭಾಂಶ ಸಹಿತವಾಗಿ ಸಂಕಲಿಸಿದನು.

ಆದರೂ ನಿಜವಾದ ತಿರುವು ಬಂದದ್ದು 1960ರಲ್ಲಿ. ಷೇರು ಕೊಳ್ಳುವುದು ಸಾಮಾನ್ಯ ಜನರಿಗೆ ಲಾಭದಾಯಕ ಎಂದು ಜಾಹೀರಾತಿನಲ್ಲಿ ಹೇಳಬಯಸಿದ ಮೆರಿಲ್ ಲಿಂಚ್ ಸಂಸ್ಥೆಯ ಲೂಯಿ ಎಂಗೆಲ್, ಆ ಮಾತಿಗೆ ಆಧಾರವಿದೆಯೇ ಎಂದು ಷಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಲೋರಿಯನ್ನು ವಿಚಾರಿಸಿದಾಗ, ಉತ್ತರ ಯಾರ ಬಳಿಯೂ ಇಲ್ಲವೆಂಬುದು ಗೊತ್ತಾಯಿತು. ಸಂಸ್ಥೆ ಕೊಟ್ಟ 50,000 ಡಾಲರ್ ಅನುದಾನದಿಂದ ಆರಂಭವಾದ ಸಂಶೋಧನಾ ಕೇಂದ್ರದಲ್ಲಿ ಲೋರಿ ಮತ್ತು ಲಾರೆನ್ಸ್ ಫಿಷರ್ 1926ರ ಜನವರಿಯಿಂದ ನ್ಯೂಯಾರ್ಕ್ ಷೇರುಪೇಟೆಯ ಎಲ್ಲ ಸಾಮಾನ್ಯ ಷೇರುಗಳ ಮಾಸಿಕ ದರಗಳನ್ನು, ವಿಭಜನೆ, ಲಾಭಾಂಶ, ವಿಲೀನಗಳ ವಿವರಗಳ ಸಮೇತ ಗಣಕಯಂತ್ರಕ್ಕೆ ಏರಿಸಿದರು. ಬದುಕುಳಿದ ಕಂಪನಿಗಳ ಜೊತೆಗೆ ನಡುವೆಯೇ ಮುಳುಗಿಹೋದವುಗಳನ್ನೂ ಸೇರಿಸಿದ್ದು ಈ ಕಾರ್ಯದ ದೊಡ್ಡ ಗುಣ. 1964ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಲಾಭಾಂಶವನ್ನು ಮತ್ತೆ ಷೇರಿಗೇ ತೊಡಗಿಸಿದ, ತೆರಿಗೆಯ ಹೊರೆಯಿಲ್ಲದ ಹೂಡಿಕೆದಾರನ ಗಳಿಕೆ 1926ರಿಂದ 1960ರವರೆಗೆ ವರ್ಷಕ್ಕೆ ಸುಮಾರು ಶೇಕಡ 9 ಆಗಿತ್ತು. ಇಷ್ಟು ಎಚ್ಚರದಿಂದ ಕಟ್ಟಿದ ಭಂಡಾರದಲ್ಲೂ ಬಿರುಕಿತ್ತು: ಪೇಟೆಯಿಂದ ಹೊರಬಿದ್ದ ಕಂಪನಿಗಳ ಕೊನೆಯ ನಷ್ಟ ಅನೇಕ ಕಡೆ ದಾಖಲಾಗದೆ ಉಳಿದಿದೆಯೆಂದು ಟೈಲರ್ ಶಮ್‌ವೇ 1997ರಲ್ಲಿ ತೋರಿಸಿಕೊಟ್ಟನು.

ಭಾರತದ ದರಗಳನ್ನು ಓದುವವನಿಗೆ ಇವುಗಳ ಜೊತೆಗೆ ಕಾನೂನಿನ ಇತಿಹಾಸವೂ ಬೇಕು. 1947ರ ಬಂಡವಾಳ ನೀಡಿಕೆ ನಿಯಂತ್ರಣ ಕಾಯಿದೆಯಡಿ ಕಂಪನಿಯೊಂದು ಹೊಸ ಷೇರನ್ನು ಜನರಿಗೆ ಯಾವ ದರಕ್ಕೆ ಮಾರಬೇಕೆಂಬುದನ್ನು ದೆಹಲಿಯ ಅಧಿಕಾರಿ ನಿರ್ಧರಿಸುತ್ತಿದ್ದನಾದ್ದರಿಂದ, ಆ ದಶಕಗಳ ಆರಂಭಿಕ ನೀಡಿಕೆ ದರಗಳು ಪೇಟೆಯ ಅಂದಾಜನ್ನು ಹೇಳುವುದಿಲ್ಲ. 1992ರಲ್ಲಿ ಆ ಕಾಯಿದೆ ರದ್ದಾಯಿತು. ಮರುವರ್ಷದ ಫೆಬ್ರವರಿಯಲ್ಲಿ, ದಲ್ಲಾಳಿ ಹರ್ಷದ್ ಮೆಹ್ತಾನ ಷೇರು ಹಗರಣದ ನಂತರ ಪೇಟೆ ಇನ್ನೂ ಮಂಕಾಗಿದ್ದಾಗ, ಬೆಂಗಳೂರಿನ ಇನ್ಫೋಸಿಸ್ ತನ್ನ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಿತು. ಸಾಕಷ್ಟು ಬೇಡಿಕೆ ಬಾರದೆ, ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆ ಕಂಪನಿಯ ಶೇಕಡ 13ರಷ್ಟು ಷೇರುಗಳನ್ನು ಅದೇ ದರಕ್ಕೆ ಕೊಂಡು ಆ ನೀಡಿಕೆಯನ್ನು ಪಾರುಮಾಡಿತು. ಜೂನ್ ತಿಂಗಳಲ್ಲಿ ಪೇಟೆಯಲ್ಲಿ ವಹಿವಾಟು ಆರಂಭವಾದಾಗ ದರ 145 ರೂಪಾಯಿ ಆಗಿತ್ತು.

ಈ 95 ರೂಪಾಯಿಯನ್ನು ಇಂದಿನ ದರದ ಪಕ್ಕದಲ್ಲಿ ಹಾಗೆಯೇ ಇಡುವಂತಿಲ್ಲ, ಏಕೆಂದರೆ ಅಂದಿನ ಒಂದು ಷೇರು ಇಂದು ಒಂದಾಗಿ ಉಳಿದಿಲ್ಲ. ಬೋನಸ್ ಷೇರು ಎಂದರೆ ಕಂಪನಿ ತನ್ನ ಮೀಸಲು ನಿಧಿಯನ್ನು ಬಂಡವಾಳವಾಗಿ ಪರಿವರ್ತಿಸಿ, ಇದ್ದ ಷೇರುದಾರರಿಗೆ ಹಣ ಪಡೆಯದೆ ಕೊಡುವ ಹೆಚ್ಚುವರಿ ಷೇರು. ವಿಭಜನೆಯೆಂದರೆ ಮುಖಬೆಲೆಯನ್ನೇ ಒಡೆದು ಷೇರುಗಳ ಸಂಖ್ಯೆ ಹೆಚ್ಚಿಸುವುದು. 1993ರಲ್ಲಿ ನೂರು ಇನ್ಫೋಸಿಸ್ ಷೇರು ಪಡೆದವನ ಬಳಿ 1994, 1997 ಮತ್ತು 1999ರಲ್ಲಿ ಒಂದಕ್ಕೊಂದರಂತೆ ಬಂದ ಬೋನಸ್‌ಗಳಿಂದ 800 ಷೇರುಗಳಾದವು. 2000ದಲ್ಲಿ ಮುಖಬೆಲೆ 10ರಿಂದ 5 ರೂಪಾಯಿಗೆ ಇಳಿದು 1,600 ಆದವು. 2004ರಲ್ಲಿ ಒಂದಕ್ಕೆ ಮೂರರಂತೆ ಬೋನಸ್ ಬಂದು 6,400 ಆದವು. 2006, 2014, 2015 ಮತ್ತು 2018ರ ಒಂದಕ್ಕೊಂದರ ಬೋನಸ್‌ಗಳ ನಂತರ ಅವು 1,02,400 ಆಗಿವೆ. ಆದ್ದರಿಂದ 95ನ್ನು 1,024ರಿಂದ ಭಾಗಿಸಿದಾಗ ಬರುವ 9 ಪೈಸೆಗೆ ತುಸು ಹೆಚ್ಚಿನ ಮೊತ್ತವೇ ಹೊಂದಾಣಿಕೆ ಮಾಡಿದ ದರ, ಅಂದರೆ ಹಳೆಯ ದರವನ್ನು ಇಂದಿನ ಷೇರಿನ ಅಳತೆಗೆ ಇಳಿಸಿ ಬರೆದ ದರ. ಇನ್ಫೋಸಿಸ್ ಷೇರನ್ನು 9 ಪೈಸೆಗೆ ಯಾರೂ ಎಂದೂ ಮಾರಿಲ್ಲ, ಯಾರೂ ಕೊಂಡಿಲ್ಲ. ಆದರೂ ಹೂಡಿಕೆಯ ಬೆಳವಣಿಗೆಯನ್ನು ಅಳೆಯುವವನಿಗೆ ಬೇಕಾದದ್ದು ಆ ಸಂಖ್ಯೆಯೇ.

ಹೊಂದಾಣಿಕೆಯಿಲ್ಲದ ನಕ್ಷೆ ಎಂಥ ಭ್ರಮೆ ಹುಟ್ಟಿಸಬಲ್ಲದು ಎಂಬುದನ್ನು ಇದೇ ಕಂಪನಿಯ ಎರಡು ದಿನಗಳು ತೋರಿಸುತ್ತವೆ. 2003ರ ಏಪ್ರಿಲ್ 10ರಂದು ಕಂಪನಿ ಮುಂದಿನ ವರ್ಷದ ಬಗ್ಗೆ ಮಂದವಾದ ಮುನ್ನೋಟ ನೀಡಿದಾಗ ಷೇರು ಒಂದೇ ದಿನದಲ್ಲಿ ಸುಮಾರು ಕಾಲುಭಾಗ ಕುಸಿಯಿತು. ಷೇರುದಾರರ ಸಂಪತ್ತಿನ ಕಾಲುಭಾಗ ಅಂದು ನಿಜಕ್ಕೂ ಕರಗಿತು. 2004ರಲ್ಲಿ ಮೂರು ಬೋನಸ್ ಷೇರು ಸೇರಿದ ದಿನ ಮೂಲ ದರದ ಪಟ್ಟಿಯಲ್ಲಿ ಮುಕ್ಕಾಲು ಭಾಗದಷ್ಟು ಇಳಿಕೆ ಕಾಣುತ್ತದೆ, ಆದರೆ ಅದರಿಂದ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಹಾಗೆಯೇ 2000ದ ಮಾರ್ಚಿನಲ್ಲಿ, ತಂತ್ರಜ್ಞಾನ ಷೇರುಗಳ ಹುಚ್ಚು ಉತ್ತುಂಗದಲ್ಲಿದ್ದಾಗ, 10,000 ರೂಪಾಯಿಯನ್ನು ಮೀರಿದ್ದ ದರವನ್ನು ಕಂಡು ಷೇರು ಅಂದಿನಿಂದ ಇಳಿಯುತ್ತಲೇ ಬಂದಿದೆ ಎಂದುಕೊಳ್ಳುವುದೂ ತಪ್ಪು. ಅಂದಿನ 10,000 ಇಂದಿನ ಅಳತೆಯಲ್ಲಿ ಸುಮಾರು 156 ರೂಪಾಯಿ. ಬೋನಸ್ ಅಥವಾ ವಿಭಜನೆಯ ಘೋಷಣೆಯೇ ಸಂಪತ್ತನ್ನು ಹೆಚ್ಚಿಸುತ್ತದೆ ಎಂಬ ನಂಬಿಕೆ ನಮ್ಮ ಪೇಟೆಯಲ್ಲಿ ಬಲವಾಗಿದೆ. ಷಿಕಾಗೊ ಭಂಡಾರದ ನೆರವಿನಿಂದ 1927ರಿಂದ 1959ರವರೆಗಿನ 940 ವಿಭಜನೆಗಳನ್ನು ಪರಿಶೀಲಿಸಿ ಫಾಮಾ, ಫಿಷರ್, ಜೆನ್ಸನ್ ಮತ್ತು ರೋಲ್ 1969ರಲ್ಲಿ ಪ್ರಕಟಿಸಿದ ಅಧ್ಯಯನವು, ದರದ ವಿಶೇಷ ಏರಿಕೆ ವಿಭಜನೆಗೆ ಮೊದಲೇ ಆಗಿರುತ್ತದೆ, ಆಮೇಲೆ ಸರಾಸರಿಯಲ್ಲಿ ಏನೂ ಸಿಗುವುದಿಲ್ಲ ಎಂದು ಕಂಡುಕೊಂಡಿತ್ತು.

ಎಲ್ಲ ಹೊಂದಾಣಿಕೆಯೂ ಬೋನಸ್‌ನಷ್ಟು ಸರಳವಾಗಿರುವುದಿಲ್ಲ. 2023ರ ಜುಲೈ 20ರಂದು ರಿಲಯನ್ಸ್ ಇಂಡಸ್ಟ್ರೀಸ್ ತನ್ನ ಹಣಕಾಸು ವ್ಯವಹಾರವನ್ನು ಜಿಯೋ ಫೈನಾನ್ಷಿಯಲ್ ಎಂಬ ಬೇರೆ ಕಂಪನಿಯಾಗಿ ಬೇರ್ಪಡಿಸಿದಾಗ, ಹಿಂದಿನ ದಿನ 2,841.85 ರೂಪಾಯಿ ಇದ್ದ ಷೇರು ವಿಶೇಷ ಪೂರ್ವವಹಿವಾಟಿನಲ್ಲಿ 2,580ಕ್ಕೆ ನಿಂತಿತು, ನಡುವಿನ 261.85 ರೂಪಾಯಿಯೇ ಬೇರ್ಪಟ್ಟ ಕಂಪನಿಯ ಷೇರಿನ ಬೆಲೆಯೆಂದು ಗಣಿಸಲಾಯಿತು. ಹಳೆಯ ದರಗಳನ್ನು ಇದಕ್ಕೆ ತಕ್ಕಂತೆ ಸುಮಾರು ಶೇಕಡ 9ರಷ್ಟು ತಗ್ಗಿಸುವವರೂ ಇದ್ದಾರೆ, ಹಾಗೆಯೇ ಬಿಡುವವರೂ ಇದ್ದಾರೆ. ಲಾಭಾಂಶದ ವಿಷಯದಲ್ಲಿಯೂ ಇದೇ ಭೇದ. ಹೀಗಾಗಿ ಒಂದೇ ಕಂಪನಿಯ ಒಂದೇ ದಿನದ ದರ ಎರಡು ಕಡೆ ಎರಡು ಬಗೆಯಾಗಿ ಕಂಡರೆ ಅದು ಸುಳ್ಳಿನ ಗುರುತಾಗಬೇಕಿಲ್ಲ. ಯಾವ ತಿದ್ದುಪಡಿ ಯಾವುದರಲ್ಲಿ ಸೇರಿದೆ ಎಂದು ತಿಳಿದುಕೊಂಡರೆ ಸಾಕು.

ಯಾವ ಪೇಟೆಯ ದರ ಎಂಬುದೂ ಮುಖ್ಯವೇ. ರಾಷ್ಟ್ರೀಯ ಷೇರುಪೇಟೆಯಲ್ಲಿ ಷೇರು ವಹಿವಾಟು ಆರಂಭವಾದದ್ದು 1994ರ ನವೆಂಬರಿನಲ್ಲಿ ಆದ್ದರಿಂದ, ಇನ್ಫೋಸಿಸ್‌ನ ಮೊದಲ ಒಂದೂವರೆ ವರ್ಷದ ದರಗಳು ಅದರ ದಾಖಲೆಯಲ್ಲಿ ಇರುವುದು ಸಾಧ್ಯವೇ ಇಲ್ಲ. 1963ರಲ್ಲಿ ಆರಂಭವಾಗಿ 2014ರಲ್ಲಿ ಮಾನ್ಯತೆ ಬಿಟ್ಟುಕೊಟ್ಟ ಬೆಂಗಳೂರು ಷೇರುಪೇಟೆಯಲ್ಲೂ ಆ ಷೇರು ಪಟ್ಟಿಯಾಗಿತ್ತು. ಇಂದು ಪ್ರಚಲಿತವಿರುವ ನಕ್ಷೆಗಳಲ್ಲಿ ಊರಿನ ಆ ಪೇಟೆಯ ದರಗಳಿಗೆ ಸ್ಥಾನವಿಲ್ಲ. ಮುಂಬಯಿ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ 1979ರಲ್ಲಿ 100 ಇತ್ತು ಎಂಬ ಮಾತನ್ನೂ ವಿವರಣೆಯಿಲ್ಲದೆ ಒಪ್ಪುವಂತಿಲ್ಲ. ಆ ಸೂಚ್ಯಂಕ ಪ್ರಕಟವಾಗತೊಡಗಿದ್ದು 1986ರಲ್ಲಿ. ಅದಕ್ಕೆ ಹಿಂದಿನ ಅಂಕಿಗಳನ್ನು, 1978-79ನ್ನು ಆಧಾರವರ್ಷವಾಗಿಟ್ಟುಕೊಂಡು, ಆಮೇಲೆ ಲೆಕ್ಕ ಹಾಕಿ ತುಂಬಲಾಗಿದೆ.

ಎಲ್ಲಕ್ಕಿಂತ ದೊಡ್ಡ ಲೋಪ ಮಾತ್ರ ಯಾವ ಅಂಕಿಯಲ್ಲೂ ಕಾಣುವುದಿಲ್ಲ. 1993ರ ಷೇರು ನೀಡಿಕೆಯೆಂದರೆ ಇನ್ಫೋಸಿಸ್ ನೆನಪಾಗುವುದು ಅದು ಗೆದ್ದದ್ದರಿಂದ. 1990ರ ದಶಕದ ನಡುವಿನಲ್ಲಿ ಜನರಿಂದ ಹಣ ಎತ್ತಿ ಆಮೇಲೆ ವಿಳಾಸವೂ ಸಿಗದಂತಾದ ಕಂಪನಿಗಳನ್ನು ಪತ್ತೆಹಚ್ಚಲು ಸರ್ಕಾರವೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯೂ ಕೂಡಿ ಸಮಿತಿಗಳನ್ನು ರಚಿಸಬೇಕಾಯಿತು. ಆ ಷೇರುಗಳಿಗೆ ಇಂದು ನಕ್ಷೆಯೇ ಇಲ್ಲ. ಉಳಿದವರ ದರಗಳನ್ನು ಮಾತ್ರ ಓದಿ ಅಂದು ಷೇರು ಕೊಂಡವರೆಲ್ಲ ಶ್ರೀಮಂತರಾದರೆಂದು ಬರೆಯುವುದು ಹಣ ಕಳೆದುಕೊಂಡ ಅಸಂಖ್ಯ ಸಣ್ಣ ಕುಟುಂಬಗಳಿಗೆ ಮಾಡುವ ಅನ್ಯಾಯ.

ಹಿಂದಿನ ದರದಿಂದ ಮುಂದಿನ ದರವನ್ನು ಹೇಳಬಹುದೇ ಎಂಬ ಪ್ರಶ್ನೆಗೆ ವಿದ್ವಾಂಸರ ಉತ್ತರ ಬಹುಕಾಲದಿಂದ ನಿರುತ್ಸಾಹದ್ದೇ ಆಗಿದೆ. ಕೌಲ್ಸ್ 1933ರಲ್ಲಿಯೇ ಭವಿಷ್ಯ ನುಡಿಯುವ ಸಂಸ್ಥೆಗಳ ಸಾಮರ್ಥ್ಯವನ್ನು ಅನುಮಾನಿಸಿದ್ದನು. ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಕೆಂಡಲ್ 1953ರಲ್ಲಿ 22 ದರಶ್ರೇಣಿಗಳನ್ನು ಶೋಧಿಸಿ, ಒಂದು ವಾರದ ಬದಲಾವಣೆ ಮುಂದಿನ ವಾರದ್ದರ ಬಗ್ಗೆ ಬಹುಮಟ್ಟಿಗೆ ಏನನ್ನೂ ಹೇಳದು ಎಂದು ಕಂಡನು. ಆಮೇಲಿನ ಅಧ್ಯಯನಗಳು ಈ ತೀರ್ಮಾನವನ್ನು ಅಲ್ಲಲ್ಲಿ ಸಡಿಲಿಸಿದ್ದರೂ, ಹಳೆಯ ದರದ ನಿಜವಾದ ಪ್ರಯೋಜನವಿರುವುದು ಒಂದು ಷೇರು ಎಷ್ಟು ತೀವ್ರವಾಗಿ ಏರಿಳಿಯಬಲ್ಲದು, ಸಂಕಟಕಾಲದಲ್ಲಿ ಎಷ್ಟು ಕುಸಿದು ಎಷ್ಟು ವರ್ಷಕ್ಕೆ ಚೇತರಿಸಿಕೊಂಡಿತು, ಕಂಪನಿಯ ಗಳಿಕೆಗೆ ಹೋಲಿಸಿದರೆ ಜನ ಅದಕ್ಕೆ ಯಾವ ಕಾಲದಲ್ಲಿ ಎಷ್ಟು ಬೆಲೆ ಕೊಟ್ಟರು ಎಂಬುದನ್ನು ಅರಿಯುವುದರಲ್ಲಿ.

ಇವೆಲ್ಲ ವಿದ್ವತ್ತಿನ ಮಾತಾದರೆ, ಸಾಮಾನ್ಯ ಹೂಡಿಕೆದಾರನು ಹಳೆಯ ದರವನ್ನು ಹುಡುಕಲೇಬೇಕಾದ ಸಂದರ್ಭವೊಂದನ್ನು 2018ರ ಕೇಂದ್ರ ಬಜೆಟ್ ಸೃಷ್ಟಿಸಿತು. ಷೇರುಗಳ ದೀರ್ಘಾವಧಿ ಲಾಭದ ಮೇಲೆ ತೆರಿಗೆಯನ್ನು ಮತ್ತೆ ವಿಧಿಸುವಾಗ, ಅಲ್ಲಿಯವರೆಗಿನ ಲಾಭಕ್ಕೆ ರಕ್ಷಣೆ ಕೊಡಲೆಂದು, 2018ರ ಜನವರಿ 31ರಂದು ಷೇರುಪೇಟೆಯಲ್ಲಿ ದಾಖಲಾದ ಗರಿಷ್ಠ ದರವನ್ನು, ಅದು ಮಾರಾಟ ದರವನ್ನು ಮೀರದಿದ್ದಲ್ಲಿ, ಕೊಂಡ ಬೆಲೆಯ ಸ್ಥಾನದಲ್ಲಿ ತೋರಿಸಲು ಕಾನೂನು ಅವಕಾಶ ನೀಡಿತು. ಇಲ್ಲಿ ಬೇಕಾದದ್ದು ಅಂದು ಪೇಟೆಯಲ್ಲಿ ನಿಜಕ್ಕೂ ನಡೆದ, ಹೊಂದಾಣಿಕೆ ಮಾಡದ ಮೂಲ ದರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತಾದ್ದರಿಂದ, ಈಗಿನ ನಕ್ಷೆಗಳಲ್ಲಿ ಆ ಜನವರಿಯ ದರ ಅರ್ಧವಾಗಿಯೇ ಕಾಣುತ್ತದೆ. ಆ ಅರ್ಧ ದರವನ್ನು ತೆರಿಗೆಯ ಲೆಕ್ಕಕ್ಕೆ ಎತ್ತಿಕೊಂಡವನು ಜನವರಿಗೆ ಮೊದಲೇ ಹೊಂದಿದ್ದ ಷೇರುಗಳ ಮೇಲೆ ಇಲ್ಲದ ಲಾಭವನ್ನು ತೋರಿಸಿ ಹೆಚ್ಚು ತೆರಿಗೆ ಕಟ್ಟುತ್ತಾನೆ. ಜನವರಿಯ ನಂತರ ಬಂದ ಬೋನಸ್ ಷೇರುಗಳಿಗಾದರೋ ಆ ರಕ್ಷಣೆ ಅನ್ವಯಿಸುವುದಿಲ್ಲ. ಅವುಗಳ ಕೊಂಡ ಬೆಲೆಯನ್ನು ಸೊನ್ನೆಯೆಂದೇ ಬರೆಯಬೇಕು.